ಬೆರಳಗಲದ ಮೆಟ್ಟಿಲು

ಆ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರನ್ನೂ ಗದರಿಸುವ ಎದೆಗಾರಿಕೆ ಇದ್ದದ್ದು ಒಬ್ಬನಿಗೇ. ಅವನು ಲಿಫ್ಟಿನವನು. ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಎಲ್ಲರೂ ಅವನನ್ನು ಕೆಂಡಣ್ಣ ಎನ್ನುತ್ತಿದ್ದರು. ಅವನ ಲಿಫ್ಟಿಗೆ ಹದಿನೈದು ಜನ. ಹದಿನಾರನೆಯವರು ಕಾಲಿಟ್ಟರೆ ಮುಗಿಯಿತು: "ಇಳೀರಿ ಕೆಳಗೆ! ಇದೇನು ನಿಮ್ಮ ಮಾವನ ಮನೇನಾ?" ಮನೆಯಲ್ಲೂ ಅಷ್ಟೇ. "ಬಾಗಿಲಲ್ಲಿ ನಿಂತು ತಲೆ ಎಣಿಸಬೇಡಿ, ಬಂದಿರೋರು ನನ್ನ ತವರಿನೋರು" ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದಳು.

ಇಪ್ಪತ್ತೆರಡು ವರ್ಷ ಒಂದೇ ಸ್ಟೂಲಿನ ಮೇಲೆ ಕೂತವನಿಗೆ ತನ್ನ ಲಿಫ್ಟಿನ ಸ್ವಭಾವ ಹೆಂಡತಿಯ ಸ್ವಭಾವಕ್ಕಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಒಂದು ಚಾಳಿ. ನೆಲಮಹಡಿಯಲ್ಲಿ ಭಾರ ಇಳಿದಂತೆಲ್ಲ ಲಿಫ್ಟಿನ ನೆಲ ಬೆರಳಗಲ ಮೇಲಕ್ಕೇಳುತ್ತಿತ್ತು. ರಿಪೇರಿಯವರು ಮೂರು ಸಲ ಬಂದು, "ಹಳೇ ಲಿಫ್ಟು, ಉದ್ದ ಹಗ್ಗ, ಇಷ್ಟು ಇದ್ದೇ ಇರುತ್ತೆ" ಎಂದು ಕೈತೊಳೆದುಕೊಂಡಿದ್ದರು. ಮನುಷ್ಯರಿಗೆ ಅದು ತಿಳಿಯುತ್ತಲೂ ಇರಲಿಲ್ಲ. ಆದರೆ ಅಡುಗೆಮನೆಯ ಹಾಲಿನ ಗಾಡಿ ಅಲ್ಲಿ ಎಷ್ಟು ಸಲ ಚೆಲ್ಲಿದೆ ಎಂದು ಕೆಂಡಣ್ಣನನ್ನು ಕೇಳಬೇಕು. ಒರೆಸಿದವನು ಅವನೇ.

ಮೂರನೆಯ ಮಹಡಿಯಲ್ಲಿ ಒಬ್ಬಳು ಬಸ್ ಕಂಡಕ್ಟರ್ ಮಲಗಿದ್ದಳು. ಜ್ವರವೊಂದು ಬಂದು ಹೃದಯಕ್ಕೇ ಏಟು ಕೊಟ್ಟಿತ್ತು, ಅದು ಬಡಿಯುವ ಶಕ್ತಿಯನ್ನೇ ಕಳೆದುಕೊಂಡಿತ್ತು. ಮಂಚದ ಪಕ್ಕದಲ್ಲಿ ಪುಟ್ಟ ಗಾಡಿಯ ಮೇಲೊಂದು ಪಂಪು. ತೊಡೆಯಿಂದ ಬೆರಳು ದಪ್ಪದ ಕೊಳವೆಯಲ್ಲಿ ರಕ್ತ ಹೊರಗೆ ಬರುತ್ತಿತ್ತು, ಯಂತ್ರದಲ್ಲಿ ಆಮ್ಲಜನಕ ತುಂಬಿಕೊಂಡು ಇನ್ನೊಂದು ಕೊಳವೆಯಲ್ಲಿ ಒಳಗೆ ಹೋಗುತ್ತಿತ್ತು. ಹೃದಯಕ್ಕೆ ರಜೆ ಕೊಟ್ಟು, ಅದರ ಡ್ಯೂಟಿಯನ್ನು ಯಂತ್ರವೇ ಮಾಡುತ್ತಿತ್ತು.

ಅವಳ ಗಂಡ, ದರ್ಜಿ, ಲಿಫ್ಟಿನೆದುರಿನ ಬೆಂಚಿನಲ್ಲಿ ಕೂತಿರುತ್ತಿದ್ದ. "ನಮ್ಮನೆಯೋಳು ಬಾಯಿ ಮುಚ್ಕೊಂಡಿರೋದು ಈ ಆರೇ ದಿನ ಅಣ್ಣಾ. ಬಸ್ಸಲ್ಲಿ ಅವಳು ಕೂಗಿದ್ರೆ ಮುಂದಿನ ಸ್ಟಾಪಲ್ಲಿ ನಿಂತೋರು ರೆಡಿ ಆಗ್ತಿದ್ರು" ಎಂದು ನಗಲು ಹೋಗಿದ್ದ, ನಗು ಬಂದಿರಲಿಲ್ಲ. ಕೆಂಡಣ್ಣ ಅವನನ್ನು ಮಾತ್ರ ಗದರಿಸುತ್ತಿರಲಿಲ್ಲ.

ಏಳನೆಯ ದಿನ ಬೆಳಿಗ್ಗೆ ಯಂತ್ರ ನೋಡಿಕೊಳ್ಳುವ ಡಾಕ್ಟರಮ್ಮ ಬಂದಳು. "ಹತ್ತೂವರೆಗೆ ಲಿಫ್ಟ್ ಖಾಲಿ ಇರಲಿ. ಕಂಡಕ್ಟರ್ ತಲೆಯೊಳಗೆ ರಕ್ತ ಸೋರಿದೆಯೋ ಏನೋ, ಕೆಳಗೆ ಸ್ಕ್ಯಾನ್ ಮಾಡ್ಲೇಬೇಕು. ಕೆಳಗಡೆ ನಾವೈದು ಜನ ಮೊದಲು ಇಳಿದು ಮಂಚ ಎಳ್ಕೋತೀವಿ, ಹಿಂದೆ ಪಂಪು ಬರುತ್ತೆ."

"ಯಾರು ಹೇಳಿದ್ದು ನಿಮಗೆ ಮೊದಲು ಇಳಿಯೋಕೆ?"

"ಏನ್ರೀ?"

"ಆ ಕೊಳವೆ ಎಷ್ಟು ಸಡಿಲ ಇದೆ?"

"ಒಂದು ಮೊಳ."

"ನೀವು ಇಳಿದ್ರಿ, ಮಂಚ ಇಳೀತು. ನನ್ನ ಲಿಫ್ಟು ಮೇಲಕ್ಕೆದ್ದಿರುತ್ತೆ. ಪಂಪಿನ ಗಾಡಿಗಿರೋದು ಗೋಲಿಯಷ್ಟು ಗಾಲಿ. ಮುಂದಿನ ಗಾಲಿ ಧೊಪ್ ಅಂತ ಕೆಳಗೆ ಬಿದ್ದು ಗಾಡಿ ವಾಲುತ್ತೆ. ಆಮೇಲೆ?"

"ಕೊಳವೆ ಕಿತ್ತುಬರುತ್ತೆ. ಆಮೇಲೆ ಏನೂ ಇಲ್ಲ" ಎಂದಳು ಡಾಕ್ಟರಮ್ಮ.

"ಹಾಗಾದ್ರೆ ಅರ್ಧ ಗಂಟೆ ಕೊಡಿ. ಒಂದು ಖಾಲಿ ಮಂಚನೂ ಕೊಡಿ."

ಮಂಚದ ಮೇಲೆ ಮಲಗಲು ಅಡುಗೆಯವನನ್ನು ಎಳೆದು ತಂದರು. ಭಾರಕ್ಕೆ ಆಸ್ಪತ್ರೆಯಲ್ಲಿ ಅವನ ಸರಿಸಮ ಯಾರೂ ಇರಲಿಲ್ಲ. ಪಂಪಿನ ಬದಲು ಅದೇ ಅಳತೆಯ ಗಾಡಿಯ ಮೇಲೆ ಎರಡು ಕ್ಯಾನ್ ನೀರು.

"ಅಲ್ಲಾಡಬೇಡ, ನೀನೀಗ ರೋಗಿ."

"ರೋಗಿಗೆ ಮೈ ಕೆರೆಯಲ್ವೇನಣ್ಣಾ?"

ಮೊದಲನೆಯ ಸಲ ಡಾಕ್ಟರಮ್ಮ ಹೇಳಿದಂತೆಯೇ ಮಾಡಿದರು. ಗಾಡಿ ವಾಲಿತು, ಕ್ಯಾನ್ ಉರುಳಿತು, ಅಡುಗೆಯವನ ಹೊಟ್ಟೆಯ ಮೇಲೆ ಕೆರೆ ಕಟ್ಟಿತು. ಅವನು ಬೈದ ಬೈಗುಳಕ್ಕೆ ಯಾರೂ ನಗಲಿಲ್ಲ.

ಎರಡನೆಯದು ಕೆಂಡಣ್ಣನ ಲೆಕ್ಕ. ಭಾರವೆಲ್ಲ ಒಳಗಿರುವಾಗಲೇ ಪಂಪು ಮೊದಲು ಹೊರಗೆ. ಅದಕ್ಕಂಟಿಕೊಂಡೇ ಮಂಚ, ಅದರ ಗಾಲಿ ದೊಡ್ಡದು, ಬೆರಳಗಲ ಅದಕ್ಕೆ ಲೆಕ್ಕಕ್ಕಿಲ್ಲ. ಗಾಡಿ ಹಿಡಿಯಲು ಇಬ್ಬರು ಹೊರಗೇ ಕಾಯುತ್ತಿರಬೇಕು, ಒಳಗಿದ್ದವರು ಮಂಚ ದಾಟುವವರೆಗೂ ಕಾಲು ಕಿತ್ತಿಡಬಾರದು. ಲಿಫ್ಟಿಗೂ ನೆಲಕ್ಕೂ ನಡುವಿನ ಸಂದಿನ ಮೇಲೆ ರಬ್ಬರ್ ಹಾಸು. ಈ ಸಲ ಕ್ಯಾನಿನಿಂದ ಒಂದು ಹನಿಯೂ ಚೆಲ್ಲಲಿಲ್ಲ.

"ಮತ್ತೆ ಮೇಲೆ ಹೋಗುವಾಗ?" ಎಂದಳು ಡಾಕ್ಟರಮ್ಮ.

"ಇದನ್ನೇ ಉಲ್ಟಾ. ಜನ ಮೊದಲು, ಪಂಪು ಕೊನೆಗೆ."

ಹತ್ತೂವರೆಗೆ ನಿಜವಾದ ಮಂಚ ಬಂತು. ಕೆಂಡಣ್ಣ ಬೈಯದೆ ಬಾಗಿಲು ಮುಚ್ಚಿದ್ದನ್ನು ಆಸ್ಪತ್ರೆಯವರು ನೋಡಿದ್ದು ಅದೇ ಮೊದಲು. ಮೂರು, ಎರಡು, ಒಂದು. ಪಂಪಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೊಳವೆಯಲ್ಲಿ ಹರಿಯುತ್ತಿದ್ದ ಕೆಂಪನ್ನು ನೋಡಲಾರದೆ ಅವನು ಗುಂಡಿಗಳನ್ನೇ ನೋಡುತ್ತ ನಿಂತ. ಬಾಗಿಲು ತೆರೆಯಿತು. ಪಂಪು ದಾಟಿತು. ಮಂಚ ದಾಟಿತು. ಒಳಗಿದ್ದವರು ಅವನ ಮುಖ ನೋಡಿದರು. ಅವನು ತಲೆಯಾಡಿಸಿದ ಮೇಲೆಯೇ ಇಳಿದರು.

ಸ್ಕ್ಯಾನಿನಲ್ಲಿ ರಕ್ತ ಸೋರಿದ ಗುರುತಿರಲಿಲ್ಲ. ಹತ್ತನೆಯ ದಿನ ಹೃದಯ ಮೆಲ್ಲಗೆ ತನ್ನ ಡ್ಯೂಟಿಗೆ ಮರಳಿತು, ಯಂತ್ರ ತೆಗೆದರು. ದರ್ಜಿ ಬೆಂಚಿನ ಮೇಲೆ ಕೂತು ಒಂದು ಗಂಟೆ ಅತ್ತ. ಕೆಂಡಣ್ಣ, "ಅಳೋದು ಮುಗಿದಿದ್ರೆ ಊಟ ಮಾಡ್ಕೊಂಡು ಬಾ, ಹೋಗು" ಎಂದು ಮೊದಲ ಸಲ ಅವನನ್ನೂ ಗದರಿಸಿದ.

ಮೂರು ವಾರ ಕಳೆದಿರಬೇಕು. ಮೂರನೆಯ ಮಹಡಿಯಲ್ಲಿ ರೋಗಿಗಳನ್ನು ನೋಡುವ ಸಮಯ ಮುಗಿದು ಜನ ನುಗ್ಗಿದರು. ಕೆಂಡಣ್ಣ ಎಣಿಸಿದ. ತಾನೂ ಸೇರಿ ಹದಿನೈದು. "ಸಾಕು!" ಎಂದು ಕೈ ಅಡ್ಡ ಹಿಡಿದ.

ಹಿಂದಿನಿಂದ ಒಡಕು ದನಿಯೊಂದು ಎದ್ದಿತು. "ಒಳಗೆ ಸರೀರಿ, ಒಳಗೆ ಸರೀರಿ! ಹಿಂದೆ ಜಾಗ ಖಾಲಿ ಇದೆ! ಆ ಅಜ್ಜಿನ ಹತ್ತಿಸ್ಕೊಳ್ಳಿ!"

ಜನ ಪಟಪಟನೆ ಸರಿದರು. ಕೋಲೂರಿಕೊಂಡು ಅಜ್ಜಿ ಹತ್ತಿಯೇಬಿಟ್ಟಳು. ಹದಿನಾರು! ಕೆಂಡಣ್ಣ ಉರಿದುಕೊಂಡು ತಿರುಗಿದ. ಮೂಲೆಯಲ್ಲಿ ಸೊರಗಿದ ಹೆಂಗಸೊಬ್ಬಳು ಕಂಬಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಗಂಟು ಹಿಡಿದ ದರ್ಜಿ.

"ಇವಳೇ ಅಣ್ಣಾ" ಎಂದ ದರ್ಜಿ, ತಪ್ಪು ಮಾಡಿದವನಂತೆ.

ಕೆಂಡಣ್ಣ ಅವಳನ್ನೂ ಅಜ್ಜಿಯನ್ನೂ ನೋಡಿದ. ಯಾರನ್ನು ಇಳಿಸುವುದು? ಸ್ಟೂಲನ್ನು ಎತ್ತಿ ಹೊರಗಿಟ್ಟು, ತಾನೇ ಇಳಿದ.

"ಸೊನ್ನೆ ಒತ್ತಿಸು ಕಂಡಕ್ಟರಮ್ಮಾ. ಕೆಳಗೆ ಎಲ್ಲರೂ ಒಟ್ಟಿಗೆ ಇಳಿದ್ರೆ ನೋಡು ಮತ್ತೆ!"

ಬಾಗಿಲು ಮುಚ್ಚಿತು. ಇಪ್ಪತ್ತೆರಡು ವರ್ಷದಲ್ಲಿ ಹತ್ತದ ಮೆಟ್ಟಿಲು, ಇಳಿಯದ ಮೆಟ್ಟಿಲು. ಎರಡೆರಡು ದಾಟಿಕೊಂಡು ಓಡಿದ. ಏದುಸಿರು ಬಿಡುತ್ತ ನೆಲಮಹಡಿಗೆ ಬಂದು, ಬಾಗಿಲ ಬುಡಕ್ಕೆ ರಬ್ಬರ್ ಹಾಸನ್ನು ಸರಿಯಾಗಿ ಎಳೆದ. ಲಿಫ್ಟು ಇನ್ನೂ ಬಂದಿರಲಿಲ್ಲ. ಆದರೆ ಮುಚ್ಚಿದ ಬಾಗಿಲಿನಾಚೆಯಿಂದ ಅವಳ ದನಿ ಮೇಲಿನಿಂದ ಇಳಿದು ಬರುತ್ತಿತ್ತು. "ಸ್ಟಾಪ್ ಬಂತು, ಸ್ಟಾಪ್ ಬಂತು! ನುಗ್ಗಬೇಡಿ, ಒಬ್ಬೊಬ್ಬರಾಗಿ ಇಳೀರಿ!"