ಚೂಪು ಬುಡದ ಜಾಡಿ

ಅಗಡಿಯ ಕುಂಬಾರ ಶೇಖಪ್ಪ ಕಾಕಾ ಒಂದು ಕಡೆ ಸುಮ್ಮನೆ ಕೂತಿದ್ದನ್ನು ನಾನು ಕಂಡಿಲ್ಲ. ಮಾತಾಡುತ್ತಲೇ ಎದ್ದು ಹೋಗಿ ಮಣ್ಣು ಮುಟ್ಟಿ ಬರುವ ಮನುಷ್ಯ. ಕಳೆದ ವರ್ಷ ಲಕವಾ ಹೊಡೆದ ಮೇಲೆ ಬಲಗೈಯ ಎರಡು ಬೆರಳು ಅವರ ಮಾತು ಕೇಳುತ್ತಿರಲಿಲ್ಲ. ಕೈಜಾರಿ ಮೂರು ಗಡಿಗೆ ಒಡೆದಿದ್ದವು.

"ಇನ್ನೊಂದು ಒಡೀತಂದ್ರ ತಿಗರಿ ಬ್ಯಾಡಗಿ ಅಳಿಯಗ ಕೊಟ್ಟು ಬಿಡತೇನಿ," ಎಂದು ಊರಿಗೆಲ್ಲ ಹೇಳಿಕೊಂಡಿದ್ದರು. ಅಳಿಯನೂ ಬಂದು ಒಯ್ಯಲು ತಯಾರಾಗಿದ್ದ. ನಲವತ್ತೈದು ವರ್ಷ ತಿರುಗಿಸಿದ ಚಕ್ರ ಅದು.

ಇದು ಗೊತ್ತಿದ್ದೂ ನಾನೇ ಹೋಗಿ ಕಾಡಿದೆ. ಹಾವೇರಿಯಲ್ಲಿ ನಾನು ಇತಿಹಾಸದ ಟೀಚರು. ಶಾಲೆಯ ವಸ್ತುಪ್ರದರ್ಶನಕ್ಕೆ ಹಳೆಯ ಈಜಿಪ್ಟಿನ ಜಾಡಿಯೊಂದು ಬೇಕಿತ್ತು. ಮೊಬೈಲಿನಲ್ಲಿ ಚಿತ್ರ ತೋರಿಸಿದೆ: ಸಣ್ಣ ಬಾಯಿ, ಹಿಡಿಯಲು ಎರಡು ಕಿವಿ, ಬುಡ ಗಜ್ಜರಿಯಂತೆ ಉದ್ದ, ಚೂಪು. ಇದರಲ್ಲಿ ದ್ರಾಕ್ಷಿಯ ಮದ್ಯ ತುಂಬಿ ದೋಣಿಯಲ್ಲಿ ಸಾಗಿಸುತ್ತಿದ್ದರು ಎಂದೆ.

"ಶೆರೆ ತುಂಬೂ ಗಡಗೀರಿ? ನಮ್ಮನಿಯವರು ಚಾ ಬಿಟ್ಟು ಮತ್ತೇನೂ ಮೂಸಿ ನೋಡಿದವರಲ್ಲ," ಎಂದು ಹೆಂಡತಿ ಮೈಲವ್ವ ನಕ್ಕರು.

ಕಾಕಾ ನಗಲಿಲ್ಲ. "ಬುಡ ಯಾಕ ಚೂಪ್ ಐತ್ರಿ, ಅಕ್ಕಾರ?"

"ಉಸುಕಿನ್ಯಾಗ ಊರಾಕರಿ," ಎಂದು ಪಾಠ ಒಪ್ಪಿಸಿದೆ.

"ದುಂಡನ್ನ ಬುಡಾನೂ ಉಸುಕಿನ್ಯಾಗ ಕುಂದರತೈತಲ್ಲರಿ. ಇಷ್ಟುದ್ದ ಯಾಕ?"

ಪುಸ್ತಕದಲ್ಲಿ ಇದ್ದದ್ದು ಅಷ್ಟೇ. ಸಿಟ್ಟು ಬಂತು, ನನ್ನ ಮೇಲೇ.

ಹತ್ತು ದಿನ ಕಾಕಾನಿಗೆ ಅದೇ ಗುಂಗು. ಫೋನ್ ಮಾಡಿದಾಗಲೆಲ್ಲ ಬುಡದ್ದೇ ಸುದ್ದಿ. ಪ್ರದರ್ಶನದ ಹಿಂದಿನ ದಿನ ಹೋದೆ. ಸುಟ್ಟ ಜಾಡಿ ಕೆಂಪಗೆ, ಮೈಲವ್ವ ತಲೆಹೊರೆಗೆ ಬಳಸುವ ಸಿಂಬಿಯ ಮೇಲೆ ಕೂತಿತ್ತು.

"ತಡೀರಿ, ಸೋರತೈತೇನು ನೋಡೂಣು," ಎಂದು ಕಾಕಾ ಕಂಠದವರೆಗೆ ನೀರು ತುಂಬಿದರು. ಸೋರಲಿಲ್ಲ. ನೀರು ಚೆಲ್ಲಲು ಬಲಗೈಯಲ್ಲಿ ಕಿವಿ ಹಿಡಿದು, ಎಡಗೈ ಹೊಟ್ಟೆಗೆ ಕೊಟ್ಟು ಎತ್ತಿದರು.

ಬಲಗೈ ಬೆರಳು ಬಿಟ್ಟವು. ಜಾಡಿ ಜಾರಿತು. ಮೈಲವ್ವ ಕಣ್ಣು ಮುಚ್ಚಿಕೊಂಡರು, ನಾನು ಹಿಡಿಯಲು ಮುಂದೆ ಬಾಗಿದೆ.

ಎಡಗೈ ತಾನಾಗಿ ಕೆಳಗೆ ಸರಿದು ಚೂಪು ತುದಿಯನ್ನು ಗಪ್ಪನೆ ಹಿಡಿಯಿತು. ಕಂಠ ಬಲ ಮೊಣಕೈ ಮೇಲೆ ಒರಗಿತು. ಜಾಡಿ ಬಗ್ಗಿ ನೀರು ನನ್ನ ಸೀರೆಯ ಮೇಲೆಲ್ಲ ಸುರಿಯಿತು.

ಕಾಕಾ ತುದಿ ಹಿಡಿದ ಕೈಯನ್ನೇ ನೋಡುತ್ತ ನಿಂತರು.

"ಇದು ಬುಡ ಅಲ್ರಿ ಅಕ್ಕಾರ, ಹಿಡಿಕಿ! ಗಡಗಿ ಬಗ್ಗಸೂ ಕೈಗೆ ಹಿಡ್ಯಾಕ ಇಟ್ಟಾನ. ಯಾವ ದೇಶದ ಕುಂಬಾರನೋ, ಕೈ ಸೋಲತೈತಿ ಅನ್ನೂದು ಅವಗ ಗೊತ್ತಿತ್ತು ನೋಡ್ರಿ."

ಕಾಕಾ ಜಾಡಿಯನ್ನು ಸಿಂಬಿಯ ಮೇಲಿಟ್ಟು, ತಿಗರಿಯ ಮುಂದೆ ಕೂತು, ಒದ್ದೆ ಬಟ್ಟೆ ಸರಿಸಿ ಮಣ್ಣು ತೆಗೆದುಕೊಂಡರು.

"ಮೈಲವ್ವಾ, ತಿಗರಿ ಒಯ್ಯಾಕ ಅಳಿಯಗ ಬರಬ್ಯಾಡ ಅನ್ನು."

ಮೈಲವ್ವ ಆಗಲೇ ಫೋನ್ ಹುಡುಕುತ್ತಿದ್ದರು.