ಪೋರ್ ಕೆ, ಪಾರಾ ಕೆ

ನನ್ನ ತಂಗಿ ಸ್ಪೇನ್ ದೇಶದವನೊಬ್ಬನನ್ನು ಮದುವೆಯಾದಳು. ಮದುವೆ ಅಲ್ಲೇ ಆಯಿತು, ನಮ್ಮ ಕಡೆಯಿಂದ ಯಾರೂ ಹೋಗಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಒಂದು ಸಲ ಫೋನ್ ಮಾಡಿ, ಬೇಸಿಗೆಗೆ ಮುಂಚೆ ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಬರುತ್ತೇನೆ ಅಂದಳು. ಅವಳ ಗಂಡನಿಗೆ ಇಂಗ್ಲಿಷ್ ಬರುತ್ತಿತ್ತು. ಬೀಗಿತ್ತಿಗೆ ಮಾತ್ರ ತಮ್ಮ ಭಾಷೆ ಬಿಟ್ಟರೆ ಬೇರೊಂದು ಅಕ್ಷರ ಬಾರದು. ನಾನು ಶಿಕಾರಿಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮನೆಗೆ ಬಂದ ಬೀಗಿತ್ತಿಯ ಎದುರು ಮೂಕಿಯ ಹಾಗೆ ಕೂರುವುದು ಹೇಗೆ ಅಂತ ಫೋನಿನಲ್ಲಿ ಸ್ಪ್ಯಾನಿಷ್ ಕಲಿಯಲು ಶುರುಮಾಡಿದೆ.

ನೀರು, ಅನ್ನ, ಹಾಲು, ಬನ್ನಿ, ಕೂತ್ಕೊಳ್ಳಿ, ಇವೆಲ್ಲ ಬೇಗ ಬಂದವು. ನಾನು ಸಿಕ್ಕಿಬಿದ್ದದ್ದು ಪ್ರಶ್ನೆ ಕೇಳುವ ಪದಗಳಲ್ಲಿ. ‘ಕೆ’ ಅಂದರೆ ಏನು, ‘ಕ್ವಾಲ್’ ಅಂದರೆ ಯಾವುದು. ಇಷ್ಟೇ ತಾನೆ ಅಂದುಕೊಂಡೆ. ಆದರೆ ನಿಮ್ಮ ಹೆಸರೇನು ಅಂತ ನಾವು ಕೇಳುವ ಕಡೆ ಅವರು ನಿಮ್ಮ ಹೆಸರು ಯಾವುದು ಅನ್ನುತ್ತಾರೆ. ಯಾವ ಪುಸ್ತಕ ಅನ್ನಬೇಕಾದಲ್ಲಿ ಏನು ಪುಸ್ತಕ ಅನ್ನುತ್ತಾರೆ. ‘ಕ್ವಾಂದೊ’ ಅಂದರೆ ಯಾವಾಗ, ‘ಕ್ವಾಂತೊ’ ಅಂದರೆ ಎಷ್ಟು. ಬೇಗ ಬೇಗ ಹೇಳಿದರೆ ನನ್ನ ಕಿವಿಗೆ ಎರಡೂ ಒಂದೇ. ಇನ್ನು ‘ಯಾಕೆ’ ಅನ್ನಲು ಅವರಿಗೆ ಎರಡು ಪದ. ಆಗಿಹೋದದ್ದಕ್ಕೆ ಕಾರಣ ಕೇಳುವುದಾದರೆ ‘ಪೋರ್ ಕೆ’. ಮುಂದೆ ಏನಾಗಲಿ ಅಂತ ಮಾಡುತ್ತೀರಿ, ಅದರಿಂದ ಏನು ಉಪಯೋಗ ಅಂತ ಕೇಳುವುದಾದರೆ ‘ಪಾರಾ ಕೆ’. ನಮ್ಮ ಒಂದು ‘ಯಾಕೆ’ ಎರಡೂ ಕೆಲಸ ಮಾಡಿಕೊಂಡು ಹೋಗುತ್ತದೆ, ಹಾಗಾಗಿ ಎಷ್ಟು ಸಲ ಓದಿದರೂ ನಾಲಿಗೆ ತುದಿಗೆ ಯಾವುದು ಮೊದಲು ಬಂತೋ ಅದೇ ಬಾಯಿಂದ ಬೀಳುತ್ತಿತ್ತು. ತಂಗಿಗೆ ಹೇಳಿಕೊಂಡರೆ ನಕ್ಕಳು. ತಪ್ಪಾದರೂ ಅರ್ಥವಾಗುತ್ತೆ, ಅತ್ತೆ ಒಳ್ಳೆಯವರು ಅಂದಳು.

ಬೀಗಿತ್ತಿ ನಿಜಕ್ಕೂ ಒಳ್ಳೆಯವರೇ. ಎಪ್ಪತ್ತು ದಾಟಿದ, ಎತ್ತರದ, ಮಂಡಿನೋವಿನ ಹೆಂಗಸು. ನನ್ನ ಗಂಡನ ಮನೆಯವರು ಹೊಲದ ಜೊತೆಗೆ ಕುರಿ ಸಾಕುವವರು. ಬೀಗಿತ್ತಿಯ ತವರಿನಲ್ಲೂ ಕುರಿ ಇದ್ದವಂತೆ. ಬಂದ ಮಾರನೇ ದಿನವೇ ದೊಡ್ಡಿಗೆ ಹೋಗಿ ಒಂದು ಮರಿಯನ್ನು ಹಿಡಿದು, ಕಣ್ಣಿನ ಕೆಳರೆಪ್ಪೆ ಎಳೆದು ಮೈಯಲ್ಲಿ ರಕ್ತ ಸಾಕಷ್ಟಿದೆಯೇ ಅಂತ ಒಳಗೆ ಕೆಂಪಿದೆಯೋ ಬಿಳಿಚಿದೆಯೋ ನೋಡಿದರು. ನಮ್ಮ ಮನೆಯವರು ನೋಡುವುದೂ ಹಾಗೆಯೇ. ಅವರಿಬ್ಬರಿಗೆ ಮಾತೇ ಬೇಕಾಗಲಿಲ್ಲ.

ತಂಗಿ, ಗಂಡನನ್ನು ಕರೆದುಕೊಂಡು ಸೊರಬದ ಕಡೆಯ ನಮ್ಮ ತವರು ಜಡೆಗೆ ಹೋದಳು. ಮಂಡಿನೋವು ಅಂತ ಬೀಗಿತ್ತಿ ನಮ್ಮಲ್ಲೇ ಉಳಿದರು. ಜಡೆಯಿಂದ ಅವರಿಬ್ಬರೂ ನೆಂಟರ ಜೊತೆ ಕ್ಯಾಸನೂರಿನ ಕಡೆ ಕಾಡಂಚಿಗೆ ಹೋಗಿದ್ದರು, ಸುಮ್ಮನೆ ಸುತ್ತಾಡಲು. ವಾಪಸ್ಸು ಬಂದು ವಾರವಾಗಿರಲಿಲ್ಲ, ತಂಗಿಯ ಗಂಡನಿಗೆ ಜ್ವರ ಬಂತು. ತಲೆನೋವು ಎಷ್ಟೆಂದರೆ ಬೆಳಕನ್ನು ನೋಡಲಾರ. ಸೊಂಟ ಹಿಡಿದುಕೊಂಡು ಮುದುಡಿ ಮಲಗಿಬಿಟ್ಟ. ಸೊರಬದ ಕಡೆ ಹುಟ್ಟಿದವರಿಗೆ, ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯ ಹೆಸರನ್ನು ಯಾರೂ ಕಿವಿಯಲ್ಲಿ ಹೇಳಬೇಕಾಗಿಲ್ಲ. ನಾನು ತಂಗಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ನಮ್ಮ ಮನೆಯವರು ಕಾರು ತೆಗೆದರು. ಹಿಂದಿನ ಸೀಟಿನಲ್ಲಿ ಅವನನ್ನು ಮಲಗಿಸಿ ತಂಗಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಶಿವಮೊಗ್ಗಕ್ಕೆ ಹೊರಟರು. ಬೀಗಿತ್ತಿ ಬಾಗಿಲು ಹಿಡಿದು ನಿಂತೇ ಇದ್ದರು.

ನಮ್ಮ ಮನೆಯವರು ಅವರನ್ನು ಆಸ್ಪತ್ರೆಗೆ ಸೇರಿಸಿ ರಾತ್ರಿಯೇ ವಾಪಸ್ಸು ಬಂದರು. ಮಾರನೇ ದಿನ ತಂಗಿ ಫೋನ್ ಮಾಡಿದಳು. ವಸಡಿನಲ್ಲಿ ರಕ್ತ ಬರುತ್ತಿದೆ, ಐಸಿಯುಗೆ ಹಾಕಿದ್ದಾರೆ ಅಂದಳು. “ಅಕ್ಕಾ, ಅತ್ತೆಗೆ ಬರೀ ಜ್ವರ ಅಂತ ಹೇಳು. ಇಲ್ಲಿಗೆ ಕರ್ಕೊಂಡು ಬರಬ್ಯಾಡ, ಅವರನ್ನೂ ನೋಡ್ಕೊಳ್ಳೋ ಶಕ್ತಿ ನನಗಿಲ್ಲ.” ಆಮೇಲೆ ಅವಳ ಫೋನ್ ಹೆಚ್ಚು ಹೊತ್ತು ಬಂದ್ ಆಗಿರುತ್ತಿತ್ತು. ಅತ್ತೆಯ ಜೊತೆ ಮಾತಾಡಿದರೂ ಎರಡು ಮಾತಿಗೇ ಫೋನ್ ಇಡುತ್ತಿದ್ದಳು.

ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ನಾನು ಮತ್ತು ಬೀಗಿತ್ತಿ. ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ತಿರುಗಿಸಿ ಹೇಳುವ ಸೌಕರ್ಯ ಫೋನಿನಲ್ಲಿತ್ತು. ಒಂದೆರಡು ಸಲ ಹಿಡಿದೆ. ಅದರೊಳಗಿನ ಹೆಣ್ಣು ದನಿ ಕೇಳಿ ಅವರು ಫೋನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ನನ್ನ ಕಣ್ಣನ್ನೇ ನೋಡುತ್ತಾ ಮಗನ ಹೆಸರು ಹಿಡಿದು ಮತ್ತೆ ಅದನ್ನೇ ಕೇಳಿದರು. ಅವರಿಗೆ ಉತ್ತರ ಬೇಕಾದದ್ದು ನನ್ನಿಂದ. ನನ್ನ ಹತ್ತಿರ ಇದ್ದದ್ದು ಹತ್ತಿಪ್ಪತ್ತು ಪದ. ಜ್ವರ, ಆಸ್ಪತ್ರೆ, ಡಾಕ್ಟರು ಒಳ್ಳೆಯವರು. ಅದನ್ನೇ ಹಿಂದೆ ಮುಂದೆ ಮಾಡಿ ಹೇಳಿದೆ. ಅವರು ತಲೆಯಾಡಿಸುತ್ತಿದ್ದರು. ಊಟಕ್ಕೆ ಬಡಿಸಿದರೆ ಒಂದು ರೊಟ್ಟಿಯ ಅರ್ಧ ಮುರಿದು ಉಳಿದದ್ದನ್ನು ತಟ್ಟೆಯ ಅಂಚಿಗೆ ಇಡುತ್ತಿದ್ದರು.

ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬೇಗ ಬಂದೆ. ಬೀಗಿತ್ತಿ ಷೂ ಹಾಕಿಕೊಂಡು, ಸ್ವೆಟರ್ ಮಡಚಿ ಕೈಚೀಲಕ್ಕೆ ತುಂಬಿ, ಜಗಲಿಯ ಮೇಲೆ ಕೂತಿದ್ದರು. ಹೊರಗೆ ಬಿಸಿಲು ಸುಡುತ್ತಿತ್ತು. ಮಗನ ಹತ್ತಿರ ಹೊರಟಿದ್ದಾರೆ ಅಂತ ನೋಡಿದ ಕೂಡಲೇ ತಿಳಿಯಿತು. ಒಬ್ಬರೇ ಎಲ್ಲಿಗೆ, ಯಾವ ಬಸ್ಸಿಗೆ? ಯಾಕೆ ಹೀಗೆ ಹೊರಟ್ರಿ, ನನಗೆ ಹೇಳಬಾರದಿತ್ತೇ ಅಂತ ಕೇಳಬೇಕಿತ್ತು. ಅಷ್ಟು ಉದ್ದಕ್ಕೆ ಮಾತು ಎಲ್ಲಿದೆ? ಅವರ ಕೈ ಹಿಡಿದು ಕೇಳಿದೆ.

“ಪಾರಾ ಕೆ?”

ಅವರು ನನ್ನನ್ನು ನೋಡಿದರು. ಸಿಟ್ಟೇನೂ ಇರಲಿಲ್ಲ. ನೋಡುತ್ತಾ ನೋಡುತ್ತಾ ಮುಖ ಜೋತುಬಿತ್ತು. ಬಗ್ಗಿ, ಕಷ್ಟಪಟ್ಟು, ಷೂವಿನ ದಾರ ಬಿಚ್ಚತೊಡಗಿದರು. ಆಗ ನನಗೆ ಹೊಳೆಯಿತು. ಹೋಗಿ ಏನು ಉಪಯೋಗ ಅಂತ ನಾನು ತಾಯಿಯೊಬ್ಬಳನ್ನು ಕೇಳಿದ್ದೆ. “ಪೋರ್ ಕೆ, ಪೋರ್ ಕೆ” ಅಂತ ತಡವರಿಸಿ ತಿದ್ದಿಕೊಂಡೆ. ಅವರು ತಲೆ ಎತ್ತಲಿಲ್ಲ.

“ಪಾರಾ ನಾದಾ,” ಅಂದರು. ಏನೂ ಉಪಯೋಗವಿಲ್ಲ.

ಆ ಎರಡೂ ಪದ ನನಗೆ ಗೊತ್ತಿದ್ದವು. ಇಷ್ಟು ದಿನದಲ್ಲಿ ಅವರು ಹೇಳಿದ್ದು ಪೂರ್ತಿ ಅರ್ಥವಾದದ್ದು ಅದೊಂದೇ.

ನಾನು ಒಳಗೆ ಹೋಗಿ ನಮ್ಮ ಮನೆಯವರಿಗೆ ಫೋನ್ ಮಾಡಿದೆ. “ರೀ, ಈಗಲೇ ಕಾರು ತಗೊಂಡು ಬರ್ರಿ. ತಂಗಿ ಬೈದರೆ ನಾನು ಬೈಸಿಕೊಳ್ತೀನಿ.” ಅವರು ಹೊಲದಿಂದ ಹಾಗೇ ಬಂದರು. ನಾನು ನೆಲಕ್ಕೆ ಕೂತು ಬೀಗಿತ್ತಿಯ ಷೂವನ್ನು ಮತ್ತೆ ಹಾಕಿಸಿದೆ. ಅವರು ಚಿಕ್ಕ ಮಕ್ಕಳ ಹಾಗೆ ಕಾಲು ಕೊಟ್ಟರು. ಮೂವರೂ ಶಿವಮೊಗ್ಗಕ್ಕೆ ಹೊರಟೆವು.

ಐಸಿಯು ಬಾಗಿಲಲ್ಲಿ ಸಣ್ಣ ವಯಸ್ಸಿನ ಡಾಕ್ಟರೊಬ್ಬರು ಹೊರಗೆ ಬಂದರು. ಬೀಗಿತ್ತಿ ಅವರ ತೋಳು ಹಿಡಿದು ಏನೋ ಕೇಳಿದರು, ಮತ್ತೆ ಕೇಳಿದರು. ಡಾಕ್ಟರು ನನ್ನ ಕಡೆ ತಿರುಗಿ ಏನು ಕೇಳುತ್ತಿದ್ದಾರೆ ಅಂದರು. ನನಗೆ ಕೇಳಿಸಿದ್ದು ಕ್ವಾಂದೊ ಆಗಿತ್ತೋ ಕ್ವಾಂತೊ ಆಗಿತ್ತೋ. ಯಾವಾಗ ಹುಷಾರಾಗುತ್ತಾನೆ ಅಂತಲೋ, ಇನ್ನೆಷ್ಟು ದಿನ ಅಂತಲೋ, ಇಲ್ಲ ಎಷ್ಟು ಕೆಟ್ಟಿದೆ ಅಂತಲೋ, ನನಗೆ ಗೊತ್ತಾಗುತ್ತಿಲ್ಲ ಅಂದೆ.

“ಯಾವುದು ಕೇಳಿದ್ರೂ ನಾಳೆ ತನಕ ನನ್ನತ್ರ ಉತ್ತರ ಇಲ್ಲಮ್ಮ,” ಅಂದರು ಡಾಕ್ಟರು.

ಅದನ್ನು ಬೀಗಿತ್ತಿಗೆ ಹೇಳಲೂ ನನಗೆ ಬರಲಿಲ್ಲ. ಅಷ್ಟರಲ್ಲಿ ತಂಗಿ ಮೆಟ್ಟಿಲು ಹತ್ತಿ ಬಂದವಳು, ಅತ್ತೆಯನ್ನು ಕಂಡು ನನ್ನನ್ನು ಬೈಯಲಿಲ್ಲ. ಅವರ ಹೆಗಲಿಗೆ ತಲೆ ಇಟ್ಟು ಅಳಲು ಶುರುಮಾಡಿದಳು. ಅದುವರೆಗೆ ಅವಳು ಅತ್ತಿರಲಿಲ್ಲವಂತೆ. ಬೀಗಿತ್ತಿ ಅವಳ ಬೆನ್ನು ಸವರುತ್ತಾ ಅವರ ಭಾಷೆಯಲ್ಲಿ ಒಂದೇ ಸಮ ಮಾತಾಡಿದರು. ನಾನು ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

ಅವನು ಉಳಿದ. ಜ್ವರ ಬಿಟ್ಟು, ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟ ಮೇಲೆ ಇನ್ನೊಮ್ಮೆ ಬಂತು. ಆ ಎರಡನೇ ಜ್ವರದಲ್ಲಿ ಬಹಳ ಸೊರಗಿದ. ಕೈ ನಡುಕ ತಿಂಗಳುಗಟ್ಟಲೆ ಹೋಗಲಿಲ್ಲ.

ಹೊರಡುವ ದಿನ ತಂಗಿ ಗಂಡನನ್ನು ಕಾರಿನಲ್ಲಿ ಕೂರಿಸಿ ಸಾಮಾನು ತುಂಬಿಸುತ್ತಿದ್ದಳು. ಬೀಗಿತ್ತಿ ಗೇಟಿನ ಹತ್ತಿರ ನನ್ನ ಎರಡೂ ಕೈ ಹಿಡಿದು, ತಗ್ಗಿದ ದನಿಯಲ್ಲಿ, ಬಹಳ ಹೊತ್ತು ಏನೋ ಹೇಳಿದರು. ಕೊನೆಗೆ ಒಂದು ಪ್ರಶ್ನೆ ಕೇಳಿದಂತಿತ್ತು, ಯಾಕೆಂದರೆ ನಿಲ್ಲಿಸಿ ನನ್ನನ್ನು ನೋಡುತ್ತಾ ಕಾದರು. ತಂಗಿಯನ್ನು ಕೂಗೋಣ ಅಂದುಕೊಂಡೆ. ಅವರು ಅವಳಿಗೆ ಕೇಳಿಸದ ಹಾಗೆ ಹೇಳಿದ್ದರು ಅನ್ನುವುದು ನೆನಪಾಗಿ ಕೂಗಲಿಲ್ಲ.

“ಹೂಂ,” ಅಂದೆ. ಅವರು ನನ್ನ ಕೆನ್ನೆ ತಟ್ಟಿ, ಮಂಡಿ ಹಿಡಿದುಕೊಂಡು, ನಿಧಾನಕ್ಕೆ ಕಾರು ಹತ್ತಿದರು.