ಸಾಲಿನಲ್ಲಿ ನಿಂತವರ ಮೂಗು

ಮನೆಯಲ್ಲಿ ರಾಗಿಹಿಟ್ಟಿನ ಡಬ್ಬದ ಮುಚ್ಚಳ ತೆಗೆದರೆ ಸಾಕು, ನಾನೊಂದು ಚಿಟಿಕೆ ಹಿಟ್ಟನ್ನು ಅಂಗೈಗೆ ಹಾಕಿಕೊಂಡು ಮೂಸುತ್ತೇನೆ. ಇವತ್ತು ಬೆಳಿಗ್ಗೆಯೂ ಮೂಸಿದೆ. “ನೆಗಡೀಲಿ ಅದೇನ್ ಗೊತ್ತಾಯ್ತದೆ, ಬುಡಿ ಸಾಕು” ಎಂದು ಹೆಂಡತಿ ಡಬ್ಬ ಕಿತ್ತುಕೊಂಡಳು. ಏನು ಮಾಡಲಿ ಹೇಳಿ, ಇದು ಅಂಟಿದ ಚಾಳಿ. ಅಂಟಿಸಿದವಳು ನಮ್ಮೂರು ಗುತ್ತಲಿನ ಹಿಟ್ಟಿನ ಮಿಲ್ಲಿನ ಚಿಕ್ಕತಾಯಮ್ಮ.

ಬೆಸಗರಹಳ್ಳಿ ಕಡೆಯ ಹೆಣ್ಣು. ಗಂಡ ತೀರಿಕೊಂಡ ಮೇಲೆ ಮಿಲ್ಲನ್ನು ಒಬ್ಬಳೇ ನಡೆಸಿಕೊಂಡು ಬಂದವಳು. ದೊಡ್ಡ ಮಿಲ್ಲುಗಳಲ್ಲಿ ಖಾರಕ್ಕೊಂದು, ಹಿಟ್ಟಿಗೊಂದು ಯಂತ್ರ ಇರುತ್ತದೆ. ಇವಳದು ಎಲ್ಲಕ್ಕೂ ಒಂದೇ. ಮೆಣಸಿನಕಾಯಿ ಬೀಸಿದ ಮೇಲೆ ಎರಡು ಹಿಡಿ ಅಕ್ಕಿನುಚ್ಚು ಸುರಿದು ಓಡಿಸಿ, ಬಿದ್ದ ಹಿಟ್ಟನ್ನು ಮೂಸಿ, “ಕಾರ ಓಯ್ತು, ರಾಗಿ ತತ್ತಾ” ಅನ್ನುವಳು. ಆ ಮೂಗು ತಪ್ಪಿದ್ದನ್ನು ನಾನು ಕಾಣೆ. ಬಾಯಿಯೂ ಅಷ್ಟೇ ಚುರುಕು. ಸಾಲಿನಲ್ಲಿ ನಿಂತವರನ್ನೆಲ್ಲ ಕಿಚಾಯಿಸಿ ನಗುವಳು. ಆದರೆ ಆ ನಗು ಯಾವತ್ತೂ ಕೊನೆ ಮುಟ್ಟುತ್ತಿರಲಿಲ್ಲ. ಅರ್ಧಕ್ಕೇ ಕೆಮ್ಮು ಬರುತ್ತಿತ್ತು. ಮುಂದೆ ನಿಂತವರು ಮೂಲೆಯ ನೀರಿನ ಚೊಂಬನ್ನು ಎತ್ತಿಕೊಡುವುದು ರೂಢಿಯಾಗಿತ್ತು. ಸೆರಗನ್ನು ಮೂಗಿಗೆ ಕಟ್ಟಿಕೊಂಡೇ ಅಷ್ಟು ವರ್ಷ ದೂಳು ಕುಡಿದಿದ್ದಳು. ಕೊನೆಗೆ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು: ದೂಳು ಬಿಡು, ಇಲ್ಲ ಮಿಲ್ಲು ಬಿಡು. ಮಿಲ್ಲು ಬಿಟ್ಟರೆ ಅವಳಿಗೆ ಬೇರೆ ಬದುಕಿರಲಿಲ್ಲ.

ವಿಜ್ಞಾನದ ಮೇಷ್ಟರಾಗಿ ನಿವೃತ್ತನಾದ ನಾನು ಸುಮ್ಮನಿರುತ್ತೇನೆಯೇ? ಪುಕ್ಕಟೆ ಸಲಹೆ ಕೊಡುವುದರಲ್ಲಿ ನಮ್ಮ ಮೇಷ್ಟರ ಜಾತಿಯನ್ನು ಮೀರಿಸುವವರಿಲ್ಲ. ಬಟ್ಟೆ ನುಣ್ಣನೆಯ ದೂಳನ್ನು ತಡೆಯುವುದಿಲ್ಲ ಎಂದು ಅರ್ಧ ಗಂಟೆ ಪಾಠ ಹೊಡೆದು, ಎರಡು ಕೆನ್ನೆಗೂ ಒಂದೊಂದು ದುಂಡು ಫಿಲ್ಟರಿರುವ ರಬ್ಬರಿನ ಮಾಸ್ಕು ತರಿಸಿಕೊಟ್ಟೆ. ಊರು ಉದ್ಧಾರ ಮಾಡಿದವನಂತೆ ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಅದನ್ನು ಹಾಕಿಕೊಂಡವರ ಪಾಡು ನನ್ನ ಪಾಠದಲ್ಲಿ ಇರಲಿಲ್ಲ. ಒಳಗೆ ಬೆವರು ಸುರಿದು ಗಲ್ಲದಲ್ಲಿ ತೊಟ್ಟಿಕ್ಕುತ್ತಿತ್ತು. ಮೂಗಿನ ದಂಡೆ ಕೆಂಪಗೆ ಸುಲಿದುಹೋಯಿತು. ಉಸಿರನ್ನು ಜೋರಾಗಿ ಎಳೆಯಬೇಕು. ಒಂದು ಮೂಟೆ ಎತ್ತಿದರೆ ಹೊರಗಿನ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳಬೇಕು. ಕೆಲಸ ನಿಧಾನವಾಯಿತು. ಮಾಸ್ಕಿನೊಳಗಿಂದ ಅವಳಾಡಿದ ಮಾತು ಯಾರಿಗೂ ಕೇಳದೆ, “ಇವ್ಳಿಗೇನ್ ಗಾಂಚಾಲಿ ಬಂತಲಾ” ಅಂದವರೂ ಉಂಟು.

ಹೀಗಿರುವಾಗ ಕಿರುಗಾವಲಿನಿಂದ ನನ್ನ ಭಾವಮೈದುನ ಊಟಕ್ಕೆ ಬಂದ. ಮುದ್ದೆಯ ಮೊದಲ ತುತ್ತು ಗಂಟಲಿಗಿಳಿದದ್ದೇ ತಡ, ಕಣ್ಣಲ್ಲಿ ದಳದಳ ನೀರು. “ಏನ್ ಬಾವ, ಮುದ್ದೆಗೂ ಕಾರ ಆಕ್ಸಿದ್ದೀರಾ?” ಅಂದ. ನಾನೂ ಒಂದು ತುತ್ತು ನುಂಗಿದೆ. ಅಯ್ಯಪ್ಪಾ! ಪಿತ್ತ ನೆತ್ತಿಗೇರಿ, ಹಿಟ್ಟಿನ ಚೀಲ ಹೊತ್ತು ನೇರ ಮಿಲ್ಲಿಗೆ ಹೋದೆ. ತುಂಬಿದ ಸಾಲಿನ ಎದುರು, “ಮೂಗನ್ನ ಎಲ್ಲಿಟ್ಟಿದ್ದೆ ಚಿಕ್ಕತಾಯಮ್ಮ?” ಎಂದು ಕೂಗಾಡಿದೆ.

ಅವಳು ಯಂತ್ರ ನಿಲ್ಲಿಸಿ, ಮಾಸ್ಕು ತೆಗೆದಳು. ಸುಲಿದ ಮೂಗನ್ನು ಸೆರಗಿನಿಂದ ಒತ್ತಿಕೊಂಡಳು.

“ನೀವ್ ಕೊಟ್ರಲ್ಲ, ಅದ್ರೊಳಗೇ ಇಟ್ಟಿವ್ನಿ ಮೇಸ್ಟ್ರೆ.”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅದನ್ನು ನನ್ನ ಮುಖಕ್ಕೆ ಎಸೆದಿದ್ದರೂ ನ್ಯಾಯವೇ ಆಗುತ್ತಿತ್ತು. ಅವಳು ಎಸೆಯಲಿಲ್ಲ. “ತೆಗುದ್ರೆ ಮೂಗ್ ಬತ್ತದೆ, ಉಸ್ರು ಓಯ್ತದೆ. ನಂಗೆ ಉಸ್ರು ಬೇಕು ಕಣ್ರಪ್ಪ” ಎಂದು ಮತ್ತೆ ಬಿಗಿದುಕೊಂಡಳು. ನುಚ್ಚು ಓಡಿಸಿ, ಬಿದ್ದ ಹಿಟ್ಟನ್ನು ತಂದು ನನ್ನ ಅಂಗೈಗೆ ಸುರಿದಳು. ರಬ್ಬರಿನೊಳಗಿಂದಲೇ ಕಿರುಚಿದಳು: “ನಿಮ್ದೇ ರಾಗಿ, ನಿಮ್ದೇ ಮೂಗು. ಮೂಸಿ ಏಳಿ!”

ಘಾಟು ಇತ್ತು. ಹೇಳಿದೆ. ಇನ್ನೊಂದು ಹಿಡಿ ನುಚ್ಚು ಹಾಕಿದಳು. ಮತ್ತೆ ಮೂಸಿದೆ, ಹೋಗಿತ್ತು. ಕೆಟ್ಟ ಹಿಟ್ಟಿಗೆ ಬದಲಾಗಿ ತನ್ನ ಮನೆಯ ರಾಗಿಯನ್ನೇ ತಂದು ನನಗೆ ಬೀಸಿಕೊಟ್ಟಳು.

ಅವತ್ತಿನಿಂದ ಅದೇ ಕಾನೂನು. ಖಾರದ ನಂತರ ಯಾರ ಸರದಿಯೋ ಅವರೇ ಮೂಸಬೇಕು. “ನಾವ್ ಬೀಸ್ಸಕ್ ಬಂದಿರೋದಾ, ಮೂಸಕ್ ಬಂದಿರೋದಾ?” ಎಂದು ಕೆಲವರು ಸಿಡುಕಿ ಬೇರೆ ಮಿಲ್ಲಿಗೆ ಹೋದರು. ಅವಳು ಕರೆಯಲಿಲ್ಲ, ಮಾಸ್ಕೂ ತೆಗೆಯಲಿಲ್ಲ. ಹೋದವರಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಹಿಂದಿರುಗಿದರು. ಮೂರು ದಶಕ ಪಾಠ ಮಾಡಿದ ನನಗೆ ಹೊಳೆಯದ ಉಪಾಯ ಅವಳಿಗೆ ನಿಂತ ನಿಲುವಿನಲ್ಲಿ ಹೊಳೆದಿತ್ತು. ಆ ಹೆಣ್ಣಿನ ಗಟ್ಟಿತನ ನೆನೆದರೆ ಈಗಲೂ ಕೈಮುಗಿಯಬೇಕು ಅನ್ನಿಸುತ್ತದೆ.

ನಿನ್ನೆ ಮಿಲ್ಲಿಗೆ ಹೋದಾಗ ನನ್ನ ಸರದಿ ಖಾರದ ಹಿಂದೆಯೇ ಬಂತು. ಮೂಗು ಕಟ್ಟಿತ್ತು. ಸಾಲಿನ ಹಿಂದಕ್ಕೆ ಹೋಗಲು ಸೋಮಾರಿತನ. ಸುಮ್ಮನೆ ಮೂಸಿದ ಹಾಗೆ ಮಾಡಿ, “ಖಾರ ಹೋಗಿದೆ” ಎಂದೆ. ಅಷ್ಟರಲ್ಲಿ ಸೀನು ಬಂದುಬಿಟ್ಟಿತು.

“ನೆಗಡಿ ಇಟ್ಕಂಡು ಸುಳ್ ಏಳ್ತೀರಾ ಮೇಸ್ಟ್ರೆ! ಇಂದೆ ನಿಂತಿರೋ ಅಮ್ಮ ಮೂಸ್ಲಿ, ಅತ್ಲಾಗ್ ನಿಂತ್ಕಳಿ!” ಎಂದು ಚಿಕ್ಕತಾಯಮ್ಮ ನಗಲು ಶುರು ಮಾಡಿದಳು. ಭುಜ ಕುಣಿಯಿತು, ಫಿಲ್ಟರುಗಳು ಕುಣಿದವು. ನನ್ನ ಕೈ ಹಳೆಯ ರೂಢಿಯಂತೆ ಮೂಲೆಯ ಚೊಂಬಿಗೆ ಹೋಗಿತ್ತು. ಕಾದೆ. ಕೆಮ್ಮು ಬರಲಿಲ್ಲ. ನಗು ತನ್ನ ಪಾಡಿಗೆ ಕೊನೆಯವರೆಗೂ ಹೋಗಿ ನಿಂತಿತು.

ಹಿಂದೆ ನಿಂತಿದ್ದಾಕೆ ಮೂಸಿ ಹೇಳಿದ ಮೇಲೆ ಬೀಸಿದ ಹಿಟ್ಟೇ ಈ ಡಬ್ಬದಲ್ಲಿರುವುದು. ಇವತ್ತು ಮೂಸಿದರೆ ನನಗೇನೂ ತಿಳಿಯಲಿಲ್ಲ, ನಿಜ. “ಮುದ್ದೆ ತಿರುವು” ಎಂದೆ ಹೆಂಡತಿಗೆ.